ಹಲವು ಕೈಗಳ ಒಂದು ಬರಹ

ಬರವಣಿಗೆಯೆಂಬುದು ಒಬ್ಬನೇ ಕುಳಿತು ಮಾಡತಕ್ಕ ಕೆಲಸವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕಾವ್ಯಕ್ಕೆ ಕವಿಯೊಬ್ಬ, ಶಾಸನಕ್ಕೆ ಅದನ್ನು ರಚಿಸಿದವನೊಬ್ಬ, ಸರ್ಕಾರದ ಕಡತಕ್ಕೆ ರುಜು ಹಾಕುವ ಅಧಿಕಾರಿಯೊಬ್ಬ. ಹತ್ತು ಜನ ಸೇರಿ ಕೆರೆ ಕಟ್ಟಿದ್ದಾರೆ, ನೂರು ಜನ ಸೇರಿ ತೇರು ಎಳೆದಿದ್ದಾರೆ. ಆದರೆ ಹತ್ತು ಜನ ಸೇರಿ ಒಂದು ವಾಕ್ಯವನ್ನು ಬರೆದರೆಂದರೆ ನಾವು ಸುಲಭವಾಗಿ ನಂಬುವುದಿಲ್ಲ. ನಂಬಿದರೂ ಒಡನೆಯೇ ಒಂದು ಪ್ರಶ್ನೆ ಕೇಳುತ್ತೇವೆ: ಆ ವಾಕ್ಯಕ್ಕೆ ಹೊಣೆ ಯಾರು? ಈ ಪ್ರಶ್ನೆ ಸಣ್ಣದಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ‘ವಿಕಿ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಬರಹದ ಕ್ರಮವೊಂದರ ಚರಿತ್ರೆಯೆಲ್ಲ ಬಹುಮಟ್ಟಿಗೆ ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ. ವಿಕಿಪೀಡಿಯವೆಂಬ ವಿಶ್ವಕೋಶದ ಹೆಸರನ್ನು ಕೇಳದವರು ಇಂದು ವಿರಳ. ಆದರೆ ಅದೇ ಕ್ರಮವನ್ನು ಕಚೇರಿಗಳಲ್ಲಿ, ಪತ್ರಿಕೆಯಲ್ಲಿ, ಕಾನೂನಿನ ರಚನೆಯಲ್ಲಿ, ನಗರಸಭೆಯಲ್ಲಿ ಬಳಸಿ ನೋಡಿದವರ ಅನುಭವವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆ ಅನುಭವವನ್ನು ಸಂಗ್ರಹವಾಗಿ ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಲವರ ಕೈ ಒಂದು ಬರಹದಲ್ಲಿ ಸೇರುವುದು ನಮಗೆ ಪೂರ್ತಿಯಾಗಿ ಹೊಸದೇನೂ ಅಲ್ಲ. ಹಳೆಯ ಓಲೆಗರಿಗಳನ್ನು ನೋಡಿದವರಿಗೆ ಇದು ಗೊತ್ತು. ಒಂದು ಕಾವ್ಯದ ಐದು ಪ್ರತಿಗಳನ್ನು ಹೋಲಿಸಿದರೆ ಐದರಲ್ಲಿಯೂ ಪಾಠಾಂತರಗಳು ಕಾಣುತ್ತವೆ. ಲಿಪಿಕಾರನೊಬ್ಬ ಅರ್ಥವಾಗದ ಪದವನ್ನು ತನಗೆ ತಿಳಿದ ಪದದಿಂದ ಸರಿಪಡಿಸಿದ. ಇನ್ನೊಬ್ಬ ಅಂಚಿನಲ್ಲಿ ಬರೆದಿದ್ದ ಟಿಪ್ಪಣಿಯನ್ನು ಮೂಲದೊಳಕ್ಕೆ ಸೇರಿಸಿದ. ಮತ್ತೊಬ್ಬ ಭಕ್ತಿಯಿಂದಲೋ ಅಭಿಮಾನದಿಂದಲೋ ತನ್ನದೇ ಪದ್ಯವೊಂದನ್ನು ನಡುವೆ ಇಟ್ಟ. ಹೀಗೆ ಸೇರಿದ್ದನ್ನು ಪಂಡಿತರು ಪ್ರಕ್ಷಿಪ್ತವೆಂದು ಕರೆದರು. ಇವುಗಳನ್ನು ಬಿಡಿಸಿ ಕವಿಯ ಮೂಲಪಾಠವನ್ನು ಗೊತ್ತುಮಾಡುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥ ಸಂಪಾದನೆ’ ಎಂಬ ಪುಸ್ತಕದಲ್ಲಿ ವಿಸ್ತಾರವಾಗಿ ವಿವರಿಸಿದ್ದಾರೆ. ತಿದ್ದಿದವರು ಹಲವರಾದದ್ದು ಇಲ್ಲಿ ತೊಂದರೆಯಲ್ಲ. ಯಾರು, ಯಾವಾಗ, ಏನನ್ನು ತಿದ್ದಿದರೆಂಬುದು ಓಲೆಯ ಮೇಲೆ ಉಳಿಯಲಿಲ್ಲ, ತೊಂದರೆ ಅದು. ಕೈ ಮರೆಯಾಯಿತು, ಅದರೊಡನೆ ಹೊಣೆಯೂ ಮರೆಯಾಯಿತು.

ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇನ್ನೊಂದು ಬಗೆಯ ಕೂಡುಬರಹ ನಡೆಯಿತು. ಇಂದು ಆಕ್ಸ್‌ಫರ್ಡ್ ನಿಘಂಟು ಎಂದು ಹೆಸರಾಗಿರುವ ಮಹಾಕೋಶದ ಯೋಚನೆ ಅಲ್ಲಿನ ಭಾಷಾಶಾಸ್ತ್ರ ಸಂಘದಲ್ಲಿ ೧೮೫೭ರಲ್ಲಿ ಹುಟ್ಟಿತು. ೧೮೭೯ರಲ್ಲಿ ಸಂಪಾದಕತ್ವವನ್ನು ವಹಿಸಿಕೊಂಡ ಜೇಮ್ಸ್ ಮರೆ ಎಂಬ ಶಾಲಾ ಉಪಾಧ್ಯಾಯರು ಇಂಗ್ಲಿಷ್ ಓದಬಲ್ಲ ಸಾರ್ವಜನಿಕರಿಗೆಲ್ಲ ಒಂದು ವಿಜ್ಞಾಪನೆ ಹೊರಡಿಸಿದರು. ಪುಸ್ತಕಗಳನ್ನು ಓದಿ, ಪದವೊಂದು ಬಂದಿರುವ ವಾಕ್ಯವನ್ನು ಚೀಟಿಯಲ್ಲಿ ಬರೆದು, ಪುಸ್ತಕದ ಹೆಸರು, ಪುಟ, ವರ್ಷ ಇವುಗಳೊಡನೆ ಕಳುಹಿಸಿಕೊಡಿ ಎಂಬುದು ಅದರ ಸಾರಾಂಶ. ಚೀಟಿಗಳು ಲಕ್ಷಗಟ್ಟಲೆ ಬಂದವು. ಮರೆಯವರು ತಮ್ಮ ತೋಟದಲ್ಲಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಗೂಡುಗೂಡಾಗಿ ಅವನ್ನು ಜೋಡಿಸಿದರು. ಆಕ್ಸ್‌ಫರ್ಡಿನ ಅವರ ಮನೆಯ ಮುಂದೆ ಅಂಚೆಯವರು ಒಂದು ಪೆಟ್ಟಿಗೆಯನ್ನೇ ನಿಲ್ಲಿಸಬೇಕಾಯಿತು. ೧೯೧೫ರಲ್ಲಿ ಮರೆ ತೀರಿಕೊಂಡರು; ಕೋಶ ಮುಗಿದದ್ದು ೧೯೨೮ರಲ್ಲಿ. ಇಲ್ಲಿ ಕೊಡುವ ಕೈಗಳು ಸಾವಿರವಿದ್ದರೂ ನಿರ್ಣಯಿಸುವವರು ಕೆಲವೇ ಮಂದಿ. ಹೊಣೆ ಸ್ಪಷ್ಟವಾಗಿತ್ತು, ಆದರೆ ಚೀಟಿ ಕಳುಹಿಸಿದಾತನಿಗೆ ಪುಟವನ್ನು ಮುಟ್ಟುವ ಅಧಿಕಾರವಿರಲಿಲ್ಲ, ಕಾಯುವ ಕಾಲಕ್ಕೂ ಮಿತಿಯಿರಲಿಲ್ಲ.

ಪುಟವನ್ನೇ ಓದುಗನ ಕೈಗೆ ಕೊಟ್ಟ ಮೊದಲಿಗರು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್. ಇವರು ೧೯೪೯ರಲ್ಲಿ ಹುಟ್ಟಿದ ಕಂಪ್ಯೂಟರ್ ಕ್ರಮವಿಧಿಕಾರರು; ಆರಿಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಕೆಲಸಮಾಡುತ್ತಿದ್ದವರು. ೧೯೮೦ರ ದಶಕದ ಕೊನೆಯಲ್ಲಿ ತಾವಿದ್ದ ಕಂಪೆನಿಯೊಳಗೆ ಯಾರು ಯಾವ ಕೆಲಸದಲ್ಲಿದ್ದಾರೆ, ಯಾವ ಯೋಚನೆ ಯಾರಿಂದ ಬಂತು ಎಂಬುದನ್ನು ಗುರುತಿಡುವುದಕ್ಕಾಗಿ ಒಂದಕ್ಕೊಂದು ಹೆಣೆದುಕೊಂಡ ಕಾರ್ಡುಗಳ ಕಟ್ಟೊಂದನ್ನು ಅವರು ಕಂಪ್ಯೂಟರಿನಲ್ಲಿ ರಚಿಸಿದ್ದರು. ಇಲ್ಲದ ಕಾರ್ಡಿನ ಹೆಸರನ್ನು ಬರೆದರೆ ಹೊಸ ಕಾರ್ಡು ತೆರೆದುಕೊಳ್ಳುವುದು ಅದರ ವಿಶೇಷ. ಜನ ಬಂದು ಅದರ ಮುಂದೆ ಕುಳಿತು, ತಮಗೆ ತಿಳಿದದ್ದನ್ನು ಸೇರಿಸಿ ಹೋಗುತ್ತಿದ್ದರು. ಅಂತರ್ಜಾಲವು ಪ್ರಚಾರಕ್ಕೆ ಬಂದ ಮೇಲೆ ಅದೇ ಯೋಚನೆಯನ್ನು ಅಲ್ಲಿಗೆ ಒಯ್ದು, ೧೯೯೫ರ ಮಾರ್ಚ್ ೨೫ರಂದು ಜಗತ್ತಿನ ಮೊದಲ ವಿಕಿಯನ್ನು ಸಾರ್ವಜನಿಕರಿಗೆ ತೆರೆದರು. ವಿಕಿ ಹುಟ್ಟಿದ್ದೇ ಸಹೋದ್ಯೋಗಿಗಳು ಅನುಭವವನ್ನು ಹಂಚಿಕೊಳ್ಳುವುದಕ್ಕಾಗಿ. ವಿಶ್ವಕೋಶ ಬಂದದ್ದು ಆಮೇಲೆ ಎಂಬುದನ್ನು ಗಮನಿಸಬೇಕು.

ಹೆಸರಿನ ಕಥೆ ಸ್ವಾರಸ್ಯವಾದುದು. ಹವಾಯಿ ದ್ವೀಪದ ಹೊನೊಲುಲು ವಿಮಾನ ನಿಲ್ದಾಣದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಕೊಂಡೊಯ್ಯುವ ಬಸ್ಸಿಗೆ ‘ವಿಕಿ ವಿಕಿ’ ಎಂದು ಹೆಸರು. ಅಲ್ಲಿಯ ನೌಕರರೊಬ್ಬರು ಆ ಬಸ್ಸು ಹತ್ತುವಂತೆ ಹೇಳಿದ್ದು ಕನ್ನಿಂಗ್‌ಹ್ಯಾಮರ ನೆನಪಿನಲ್ಲಿ ಉಳಿಯಿತು. ಹವಾಯಿ ಭಾಷೆಯಲ್ಲಿ ‘ವಿಕಿ’ ಎಂದರೆ ಬೇಗ. ಅದನ್ನು ಎರಡು ಸಲ ಹೇಳಿದರೆ ಬಹಳ ಬೇಗ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ದ್ವಿರುಕ್ತಿಯೆಂದು ಹೆಸರು. ‘ಬೇಗ ಬೇಗ ಬಾ’ ಎನ್ನುವಾಗ ಕನ್ನಡಿಗನು ಮಾಡುವುದೂ ಅದನ್ನೇ. ಶಾಂತಸಾಗರದ ನಡುವಣ ದ್ವೀಪದ ಭಾಷೆಯೊಂದು ನಮ್ಮ ಮನೆಯ ಮಾತಿನಂತೆಯೇ ನಡೆಯುವುದನ್ನು ಕಂಡರೆ ವ್ಯಾಕರಣ ಹೇಳುವವನಿಗೆ ಸಂತೋಷವಾಗುವುದು ಸಹಜ.

ಕೆಲಸದ ರೀತಿ ಬಹು ಸರಳ. ಪುಟದ ಮೇಲೆ ‘ತಿದ್ದು’ ಎಂಬ ಗುಂಡಿಯಿರುತ್ತದೆ. ಓದುತ್ತಿದ್ದವನು ಅದನ್ನೊತ್ತಿದರೆ ಬರೆಯುವವನಾಗುತ್ತಾನೆ. ತಿದ್ದಿ ಉಳಿಸಿದ ಕ್ಷಣದಲ್ಲಿಯೇ ಎಲ್ಲರಿಗೂ ಹೊಸ ಪಾಠ ಕಾಣುತ್ತದೆ. ರೇಡಿಯೋ ಒಬ್ಬರು ಹೇಳಿ ಲಕ್ಷ ಮಂದಿ ಕೇಳುವ ಸಾಧನ; ಇದು ಕೇಳಿದವರೂ ಎದ್ದು ನಿಂತು ಹೇಳಬಹುದಾದ ಸಾಧನ. ಮುಂದೆ ಬಂದ ವಿಕಿಗಳಲ್ಲಿ ಪ್ರತಿಯೊಂದು ಪುಟದ ಹಿಂದೆಯೂ ಅದರ ಚರಿತ್ರೆ ಸಂಗ್ರಹವಾಗತೊಡಗಿತು. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಹೆಸರಿನವನು ಯಾವ ಅಕ್ಷರವನ್ನು ತೆಗೆದು ಯಾವುದನ್ನು ಹಾಕಿದನೆಂಬುದು ಅಲ್ಲಿ ಉಳಿಯುತ್ತದೆ. ಹಾಳುಮಾಡಿದ್ದನ್ನು ಹಿಂದಿನ ಸ್ಥಿತಿಗೆ ತರುವುದು ಹಾಳುಮಾಡುವುದಕ್ಕಿಂತ ಸುಲಭ. ಓಲೆಗರಿ ಮರೆತದ್ದನ್ನು ಇದು ನೆನಪಿಟ್ಟುಕೊಂಡಿತು. ಪಾಠಾಂತರಗಳೆಲ್ಲ ಕರ್ತೃವಿನ ಹೆಸರಿನೊಡನೆ ಒಂದೇ ಕಡೆ ದೊರೆಯುವ ಗ್ರಂಥವನ್ನು ನಮ್ಮ ಸಂಪಾದಕರು ಕನಸಿನಲ್ಲಿಯೂ ಕಂಡಿರಲಾರರು.

ಈ ಕ್ರಮದ ಶಕ್ತಿ ಲೋಕಕ್ಕೆ ತಿಳಿದದ್ದು ವಿಕಿಪೀಡಿಯದಿಂದ. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು ೨೦೦೦ದಲ್ಲಿ ‘ನ್ಯೂಪೀಡಿಯ’ ಎಂಬ ವಿಶ್ವಕೋಶವನ್ನು ಆರಂಭಿಸಿದ್ದರು. ಅದರಲ್ಲಿ ತಜ್ಞರೇ ಬರೆಯಬೇಕು, ಲೇಖನವು ಏಳು ಹಂತದ ಪರಿಶೀಲನೆಯನ್ನು ದಾಟಬೇಕು. ಅದು ನಿಲ್ಲುವ ಹೊತ್ತಿಗೆ, ಅಂದರೆ ೨೦೦೩ಕ್ಕೆ, ಮುಗಿದಿದ್ದ ಲೇಖನಗಳು ಮೂವತ್ತನ್ನೂ ಮುಟ್ಟಲಿಲ್ಲ. ಅದಕ್ಕೆ ಪೂರಕವಾಗಿರಲೆಂದು ೨೦೦೧ರ ಜನವರಿ ೧೫ರಂದು ತೆರೆದ ವಿಕಿಯಲ್ಲಿ ಆ ವರ್ಷ ಮುಗಿಯುವುದರೊಳಗೆ ಲೇಖನಗಳು ಹದಿನೈದು ಸಾವಿರವನ್ನು ದಾಟಿದ್ದವು. ಹನಿಗೂಡಿದರೆ ಹಳ್ಳವೆಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಇದನ್ನು ಕಂಡವರಿಗೆಲ್ಲ, ವಿಶ್ವಕೋಶಕ್ಕೆ ಆದದ್ದು ಪತ್ರಿಕೆಗೆ, ಕಚೇರಿಗೆ, ಸರ್ಕಾರಕ್ಕೆ ಏಕಾಗಬಾರದೆಂಬ ಉತ್ಸಾಹ ಹುಟ್ಟಿದ್ದು ಆಶ್ಚರ್ಯವಲ್ಲ.

ಆ ಉತ್ಸಾಹದಲ್ಲಿ ಮೊದಲು ಮುಗ್ಗರಿಸಿದ್ದು ಒಂದು ದೊಡ್ಡ ಪತ್ರಿಕೆ. ಅಮೆರಿಕದ ‘ಲಾಸ್ ಏಂಜಲಿಸ್ ಟೈಮ್ಸ್’ ೨೦೦೫ರ ಜೂನ್ ೧೭ರಂದು ಇರಾಕ್ ಯುದ್ಧವನ್ನು ಕುರಿತು ಒಂದು ಸಂಪಾದಕೀಯವನ್ನು ಪ್ರಕಟಿಸಿ, ವಾಚಕರು ಅದನ್ನು ಬೇಕಾದಂತೆ ತಿದ್ದಬಹುದೆಂದು ಅಂತರ್ಜಾಲದಲ್ಲಿ ತೆರೆದಿಟ್ಟಿತು. ಇದಕ್ಕೆ ‘ವಿಕಿಟೋರಿಯಲ್’ ಎಂದು ಹೆಸರನ್ನೂ ಇಟ್ಟಿತು. ಮೊದಲು ಕೆಲವರು ಶ್ರದ್ಧೆಯಿಂದಲೇ ತಿದ್ದಿದರು. ಆದರೆ ಯುದ್ಧ ಸರಿಯೆನ್ನುವವನೂ ತಪ್ಪೆನ್ನುವವನೂ ಒಂದೇ ಸಂಪಾದಕೀಯವನ್ನು ಬರೆಯುವುದು ಹೇಗೆ? ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸಿದ. ವೇಲ್ಸರೇ ಅಲ್ಲಿಗೆ ಬಂದು, ಒಂದನ್ನು ಎರಡು ಮಾಡಿ ಪರವಾದುದನ್ನೂ ವಿರುದ್ಧವಾದುದನ್ನೂ ಬೇರೆ ಬೇರೆ ಬರೆಯಬಹುದೆಂದು ಸೂಚಿಸಿದರು. ಅಷ್ಟರಲ್ಲಿ ಕಿಡಿಗೇಡಿಗಳು ಪುಟಗಳಲ್ಲಿ ಅಶ್ಲೀಲ ಚಿತ್ರಗಳನ್ನು ತುಂಬತೊಡಗಿದರು. ಭಾನುವಾರ, ಜೂನ್ ೧೯ರ ಬೆಳಗಿನ ಜಾವದಲ್ಲಿ ಪತ್ರಿಕೆ ಅದನ್ನು ಮುಚ್ಚಿತು. ಶುಕ್ರವಾರ ಹುಟ್ಟಿದ ಪ್ರಯೋಗ ಭಾನುವಾರಕ್ಕೆ ಮುಗಿಯಿತು.

ಸಂಪಾದಕೀಯವೆಂಬುದು ಅಭಿಪ್ರಾಯ. ಅಭಿಪ್ರಾಯವು ಒಬ್ಬನ ಅಥವಾ ಒಂದು ಪಕ್ಷದ ಮಾತು. ಅದನ್ನು ಹೇಳಿದವನು ಎದುರು ನಿಂತು ಸಮರ್ಥಿಸಬೇಕು. ಎಲ್ಲರೂ ತಿದ್ದಿದ ಅಭಿಪ್ರಾಯ ಯಾರದೂ ಅಲ್ಲದ್ದಾಗುತ್ತದೆ. ವಿಶ್ವಕೋಶದಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟಿನ ಎತ್ತರವೆಷ್ಟೆಂಬ ವಿಷಯ ಬಂದರೆ ಜಗಳವಾಡುವ ಇಬ್ಬರೂ ಹೊರಗಿನ ಒಂದು ಪ್ರಮಾಣಕ್ಕೆ ತಲೆಬಾಗಬೇಕು. ಯುದ್ಧವು ಧರ್ಮವೋ ಅಧರ್ಮವೋ ಎಂಬುದಕ್ಕೆ ಅಂಥ ಅಳತೆಗೋಲಿಲ್ಲ. ಸಭೆಯಲ್ಲಿ ವಾದಿಸತಕ್ಕದ್ದನ್ನು ಪುಟದ ಮೇಲೆ ಕೂಡಿ ಬರೆಯಲು ಹೋದದ್ದು ಆ ಪತ್ರಿಕೆಯ ಪ್ರಯೋಗದಲ್ಲಿದ್ದ ದೋಷ. ಅಲ್ಲದೆ, ರಾತ್ರಿಯೆಲ್ಲ ಕಾಯತಕ್ಕವರು ಯಾರೆಂಬುದನ್ನೂ ಮೊದಲೇ ಯೋಚಿಸಬೇಕಾಗಿತ್ತು.

ಎರಡನೆಯ ಪ್ರಯೋಗ ನಡೆದದ್ದು ಯಾರೂ ನಿರೀಕ್ಷಿಸದ ಸ್ಥಳದಲ್ಲಿ. ಅಮೆರಿಕದ ಬೇಹುಗಾರಿಕೆಯ ಇಲಾಖೆಗಳಲ್ಲಿ. ಅದರ ಹಿನ್ನೆಲೆ ಘೋರವಾದುದು. ೨೦೦೧ರ ಜುಲೈ ತಿಂಗಳಲ್ಲಿ ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿದ್ದ ತನಿಖಾಧಿಕಾರಿಯೊಬ್ಬರು, ಸಂಶಯಾಸ್ಪದರಾದ ಕೆಲವರು ವಿಮಾನ ನಡೆಸುವ ಶಾಲೆಗಳಲ್ಲಿ ಕಲಿಯುತ್ತಿದ್ದಾರೆಂದು ಮೇಲಿನವರಿಗೆ ಬರೆದರು. ಮರುತಿಂಗಳು ಮಿನೆಸೋಟ ರಾಜ್ಯದಲ್ಲಿ ಅದೇ ಇಲಾಖೆಯ ಇತರ ಅಧಿಕಾರಿಗಳು, ವಿಮಾನ ನಡೆಸಲು ಕಲಿಯುತ್ತಿದ್ದ ಒಬ್ಬನನ್ನು ಅನುಮಾನದ ಮೇಲೆ ಹಿಡಿದರು. ಫೀನಿಕ್ಸಿನ ಕಾಗದ ಮಿನೆಸೋಟದವರ ಕಣ್ಣಿಗೆ ಬೀಳಲಿಲ್ಲ. ಸೆಪ್ಟೆಂಬರ್ ೧೧ರಂದು ಅಪಹೃತ ವಿಮಾನಗಳು ನ್ಯೂಯಾರ್ಕಿನ ಜೋಡಿಗೋಪುರಗಳಿಗೆ ಬಡಿದವು. ಆ ದಿನದ ದಾಳಿಗಳಲ್ಲಿ ಮೂರು ಸಾವಿರದಷ್ಟು ಜನ ಸತ್ತರು. ವಿಚಾರಣಾ ಆಯೋಗವು ೨೦೦೪ರ ಜುಲೈಯಲ್ಲಿ ತನ್ನ ವರದಿಯನ್ನು ಕೊಟ್ಟಿತು. ಇಲಾಖೆಗಳು ತಮ್ಮತಮ್ಮಲ್ಲಿದ್ದ ತಿಳಿವಳಿಕೆಯನ್ನು ಒಂದಕ್ಕೊಂದು ಹಂಚಿಕೊಳ್ಳದಿದ್ದುದು ದೊಡ್ಡ ಲೋಪವೆಂದು ಅದು ಎತ್ತಿ ತೋರಿಸಿತು. ಆ ಕಾಗದ ಹಂಚಿಕೆಯಾಗಿದ್ದರೆ ದುರಂತ ತಪ್ಪುತ್ತಿತ್ತೆಂದು ಹೇಳುವುದು ದುಡುಕಾದೀತು. ಆದರೆ ಕಡತವೊಂದು ಒಬ್ಬರ ಮೇಜಿನಲ್ಲಿಯೇ ಉಳಿಯುವುದರಿಂದ ಏನೇನಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಕೇಂದ್ರ ಬೇಹುಗಾರಿಕಾ ಸಂಸ್ಥೆಯ ಕ್ಯಾಲ್ವಿನ್ ಆ್ಯಂಡ್ರಸ್ ಎಂಬವರು ೨೦೦೪ರಲ್ಲಿ ಒಂದು ಪ್ರಬಂಧ ಬರೆದು, ವಿಕಿಯಂಥ ಸಾಧನಗಳನ್ನು ಇಲಾಖೆಗಳೊಳಗೆ ತರಬೇಕೆಂದು ಸೂಚಿಸಿದರು. ೨೦೦೫ರಲ್ಲಿ ಪ್ರಯೋಗ ಮೊದಲಾಗಿ, ೨೦೦೬ರ ಏಪ್ರಿಲಿನಲ್ಲಿ ‘ಇಂಟೆಲಿಪೀಡಿಯ’ ಎಂಬ ಹೆಸರಿನಿಂದ ಅದು ಅಧಿಕೃತವಾಗಿ ಪ್ರಕಟವಾಯಿತು. ವಿಕಿಪೀಡಿಯ ನಡೆಯುವ ಕ್ರಮವಿಧಿಯೇ ಇಲ್ಲಿಯೂ ನಡೆಯಿತು. ಆದರೆ ಎರಡು ವ್ಯತ್ಯಾಸಗಳಿದ್ದವು. ಮೊದಲನೆಯದು, ರಹಸ್ಯದ ತರತಮಕ್ಕೆ ತಕ್ಕಂತೆ ಮೂರು ಪ್ರತ್ಯೇಕ ಜಾಲಗಳಲ್ಲಿ ಮೂರು ವಿಕಿಗಳು. ಎರಡನೆಯದು, ಹೆಸರಿಲ್ಲದೆ ಯಾರೂ ತಿದ್ದುವಂತಿರಲಿಲ್ಲ. ಪ್ರತಿಯೊಂದು ತಿದ್ದುಪಡಿಯೂ ಅಧಿಕಾರಿಯ ಹೆಸರಿಗೆ ಅಂಟಿಕೊಂಡಿರುತ್ತಿತ್ತು. ಹೊಣೆಯ ಪ್ರಶ್ನೆಗೆ ಇಲ್ಲಿ ಉತ್ತರ ಮೊದಲೇ ಸಿದ್ಧವಾಗಿತ್ತು.

ಇದನ್ನು ಬೆಳೆಸಿದವರಲ್ಲಿ ಷಾನ್ ಡೆನ್ನೆಹಿ, ಡಾನ್ ಬರ್ಕ್ ಎಂಬ ಇಬ್ಬರು ಪ್ರಮುಖರು. ‘ತಿಳಿಯಲೇಬೇಕಾದವರಿಗೆ ಮಾತ್ರ’ ಎಂಬ ಸೂತ್ರದಲ್ಲಿ ಪಳಗಿದ ಅಧಿಕಾರಿಗಳಿಗೆ ‘ಎಲ್ಲರಿಗೂ ತಿಳಿಸಿರಿ’ ಎಂದು ಹೇಳುವುದು ಸುಲಭವಾಗಿರಲಿಲ್ಲ. ಪುಟವನ್ನು ಬರೆಯುವವರಂತೆಯೇ ಅದನ್ನು ಅಂದಗೊಳಿಸುವವರೂ ಬೇಕು. ಕಾಗುಣಿತ ತಿದ್ದುವವರು, ತುಂಡಾದ ಕೊಂಡಿಗಳನ್ನು ಜೋಡಿಸುವವರು, ಹಳಸಿದ್ದನ್ನು ಕಿತ್ತುಹಾಕುವವರು. ಇದನ್ನು ಅವರು ತೋಟಗಾರಿಕೆಯೆಂದೇ ಕರೆದರು. ಚೆನ್ನಾಗಿ ಈ ಕೆಲಸ ಮಾಡಿದವರಿಗೆ ತೋಟದಲ್ಲಿ ಬಳಸುವ ಸಣ್ಣ ಕೈಗುದ್ದಲಿಯೊಂದನ್ನು ಬಹುಮಾನವಾಗಿ ಕೊಟ್ಟರು. ಬೇಹುಗಾರರಿಗೆ ಕೈಗುದ್ದಲಿಯ ಮರ್ಯಾದೆ! ನಗು ಬರಬಹುದು, ಆದರೆ ಆ ಬಹುಮಾನದಲ್ಲಿ ವಿವೇಕವಿತ್ತು. ಇರಾಕಿನಲ್ಲಿ ಬಾಂಬುಗಳೊಡನೆ ಕ್ಲೋರಿನ್ ಅನಿಲವನ್ನು ಬಳಸುವ ಹೊಸ ಅಪಾಯ ಕಾಣಿಸಿಕೊಂಡಾಗ, ಬೇರೆ ಬೇರೆ ಊರುಗಳಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸಭೆಯನ್ನೇ ಸೇರದೆ, ಕೆಲವೇ ದಿನಗಳಲ್ಲಿ ಅದನ್ನು ಕುರಿತು ಪುಟವೊಂದನ್ನು ಸಿದ್ಧಪಡಿಸಿದರು. ೨೦೦೯ರಲ್ಲಿ ಡೆನ್ನೆಹಿ ಮತ್ತು ಬರ್ಕರಿಗೆ ಸಾರ್ವಜನಿಕ ಸೇವೆಯ ಪದಕ ದೊರೆಯಿತು. ಹೀಗಿದ್ದರೂ ಮೇಲಿನವರ ಒಪ್ಪಿಗೆ ಪಡೆದು ಹೊರಡುವ ಹಳೆಯ ವರದಿಗಳು ನಿಲ್ಲಲಿಲ್ಲ. ವಿಕಿಯ ಕೆಲಸ ಅವುಗಳ ಪಕ್ಕದಲ್ಲಿಯೇ ನಡೆಯಿತು. ಎರಡು ಸಲ ಬರೆಯಬೇಕಾದ ಬೇಸರವೂ ಉಳಿಯಿತು.

ಅದೇ ೨೦೦೬ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯೂ ‘ಡಿಪ್ಲೊಪೀಡಿಯ’ ಎಂಬ ತನ್ನದೇ ವಿಕಿಯನ್ನು ಆರಂಭಿಸಿತು. ಅದರ ಅಗತ್ಯವನ್ನು ವರ್ಗಾವಣೆಯ ನೌಕರಿಯಲ್ಲಿರುವ ಯಾರೂ ಒಡನೆಯೇ ಬಲ್ಲರು. ರಾಯಭಾರಿ ಕಚೇರಿಯವರು ಎರಡು ಮೂರು ವರ್ಷಕ್ಕೊಮ್ಮೆ ದೇಶ ಬದಲಾಯಿಸುತ್ತಾರೆ. ಬಂದವನು ಕಲಿಯುವಷ್ಟರಲ್ಲಿ ಹೊರಡುವ ಹೊತ್ತಾಗುತ್ತದೆ. ಕಲಿತದ್ದು ಅವನೊಡನೆಯೇ ಹೋಗುತ್ತದೆ. ನಮ್ಮ ಕಚೇರಿಗಳಲ್ಲಿಯೂ ಹಳೆಯ ಗುಮಾಸ್ತರು ನಿವೃತ್ತರಾದ ದಿನ ಒಂದು ಬೀರು ಕಾಗದ ಉಳಿದರೂ, ಯಾವ ಕಾಗದ ಎಲ್ಲಿದೆ, ಅದು ಏಕೆ ಹುಟ್ಟಿತು ಎಂಬುದು ಅವರ ಬೆನ್ನ ಹಿಂದೆಯೇ ಬಾಗಿಲು ದಾಟುತ್ತದೆ. ಹೊರಟುಹೋಗುವ ಅನುಭವವನ್ನು ಹಿಡಿದಿಡುವುದು ಕಚೇರಿಯ ವಿಕಿಗೆ ಮುಖ್ಯ ಕೆಲಸ.

ಕಚೇರಿಯೊಳಗಿನ ಮಾತಾಯಿತು. ಇನ್ನು ಪ್ರಜೆಗಳೆಲ್ಲರಿಗೂ ಬಾಗಿಲು ತೆರೆದ ಪ್ರಯೋಗವನ್ನು ನೋಡೋಣ. ಅದಕ್ಕೆ ನ್ಯೂಜಿಲೆಂಡಿಗೆ ಹೋಗಬೇಕು. ೧೮೯೩ರಲ್ಲಿಯೇ ಸ್ತ್ರೀಯರಿಗೆ ಮತದಾನದ ಹಕ್ಕನ್ನು ಕೊಟ್ಟು ಲೋಕಕ್ಕೆ ದಾರಿ ತೋರಿಸಿದ ದೇಶವದು. ಅಲ್ಲಿಯ ಪೋಲೀಸ್ ಕಾನೂನು ೧೯೫೮ರದು. ಅದನ್ನು ಹೊಸದಾಗಿ ಬರೆಯುವ ಕೆಲಸ ೨೦೦೬ರಲ್ಲಿ ಆರಂಭವಾಯಿತು. ವಿಷಯಕ್ಕೊಂದರಂತೆ ಚರ್ಚಾಪತ್ರಗಳನ್ನು ಪ್ರಕಟಿಸಿ, ಜನರಿಂದ ಅಭಿಪ್ರಾಯಗಳನ್ನು ತರಿಸಿದ ಮೇಲೆ, ೨೦೦೭ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಕೆಲವು ದಿನಗಳ ಮಟ್ಟಿಗೆ ಪೋಲೀಸರು ಒಂದು ವಿಕಿಯನ್ನು ತೆರೆದು, ಹೊಸ ಕಾನೂನು ಹೇಗಿರಬೇಕೆಂಬುದನ್ನು ನೀವೇ ಬರೆಯಿರಿ ಎಂದರು. ಈ ಕಾರ್ಯದ ಮುಂದಾಳು ಹೇಮಿಷ್ ಮೆಕಾರ್ಡ್ಲ್ ಎಂಬ ಪೋಲೀಸ್ ಸೂಪರಿಂಟೆಂಡೆಂಟರು. ಆ ನಾಡಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ‘ವಿಕಿ’ ಎಂಬುದಕ್ಕೆ ವಾರವೆಂದು ಅರ್ಥವಿರುವುದು ಒಂದು ಚೋದ್ಯ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ವಿಕಿಯಲ್ಲಿ ಬರೆದದ್ದೇ ಕಾನೂನಾಗುವುದೆಂದು ಯಾರೂ ಹೇಳಲಿಲ್ಲ. ಅದು ಕರಡು ಬರೆಯುವವರ ಮತ್ತು ಪಾರ್ಲಿಮೆಂಟಿನ ಸದಸ್ಯರ ಮುಂದೆ ಇಡತಕ್ಕ ಒಂದು ಆಧಾರವೆಂದು ಮೊದಲೇ ತಿಳಿಸಿದ್ದರು. ಪೋಲೀಸರ ಅಧಿಕಾರಕ್ಕೆ ಒಳಪಡತಕ್ಕವನೇ ಆ ಅಧಿಕಾರದ ಎಲ್ಲೆಯನ್ನು ಬರೆಯಲು ಕುಳಿತದ್ದು ಸಾಮಾನ್ಯ ಸಂಗತಿಯಲ್ಲ. ಆದರೆ ಕೊನೆಯ ನಿರ್ಣಯದ ಹೊಣೆ ಮತದಾರರಿಗೆ ಉತ್ತರ ಹೇಳಬೇಕಾದ ಪ್ರತಿನಿಧಿಗಳಲ್ಲಿಯೇ ಉಳಿಯಿತು. ಮಸೂದೆ ೨೦೦೭ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿಗೆ ಬಂದಿತು. ಹೊಸ ಕಾನೂನು ೨೦೦೮ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಅದೇ ೨೦೦೮ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರಸಭೆಯು ತನ್ನ ಊರಿನ ಮುಂದಿನ ಬೆಳವಣಿಗೆಯ ಯೋಜನೆಯನ್ನು ವಿಕಿಯಲ್ಲಿಟ್ಟು, ಗೊತ್ತಾದ ಅವಧಿಯಲ್ಲಿ ಪೌರರಿಂದ ತಿದ್ದಿಸಿತು. ಅಲ್ಲಿಯೂ ಕರಡನ್ನು ಮೊದಲು ಸಿದ್ಧಪಡಿಸಿ ಕೊಟ್ಟಿದ್ದರು. ಅಲ್ಲಿಯೂ ಒಪ್ಪಿಗೆಯ ಅಧಿಕಾರ ಚುನಾಯಿತ ಸಭೆಯದಾಗಿತ್ತು.

ಈ ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲವು ಮಾತುಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಯಂತ್ರ ಎಲ್ಲ ಕಡೆಯೂ ಒಂದೇ ಬಗೆಯದು. ಫಲ ಮಾತ್ರ ಬೇರೆ ಬೇರೆ. ಕೆಲಸದ ಗುರಿ ಎಲ್ಲರಿಗೂ ಸಮಾನವಾಗಿದ್ದಲ್ಲಿ ಕೂಡುಬರಹ ನಡೆಯಿತು. ಗೆಲ್ಲುವುದೇ ಗುರಿಯಾದಲ್ಲಿ ಮುರಿಯಿತು. ತಿದ್ದಿದ ಕೈಯ ಗುರುತು ಉಳಿದಲ್ಲಿ ಜನ ಎಚ್ಚರದಿಂದ ಬರೆದರು. ಕಳೆ ಕೀಳುವವರಿಗೆ ಮರ್ಯಾದೆ ದೊರೆತಲ್ಲಿ ಪುಟಗಳು ಬಾಳಿದವು. ಎಲ್ಲಕ್ಕಿಂತ ಹೆಚ್ಚಾಗಿ, ಬರೆದದ್ದು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ಓದುತ್ತಾರೆ, ಯಾರು ನಿರ್ಣಯಿಸುತ್ತಾರೆಂಬುದು ಮೊದಲೇ ತಿಳಿದಿದ್ದಲ್ಲಿ ಬರೆಯುವವರ ಶ್ರಮಕ್ಕೆ ಅರ್ಥ ಬಂತು. ಜನರಿಂದ ಬರೆಯಿಸಿ ಬೀರುವಿಗೆ ಹಾಕುವುದಾದರೆ ಕೇಳದಿರುವುದೇ ಮೇಲು. ಹೀಗೆ ನೋಡಿದರೆ ವಿಕಿಯು ಹೊಣೆಯನ್ನು ಅಳಿಸಿಹಾಕುವ ಸಾಧನವಲ್ಲ. ಅದನ್ನು ಹಲವರಿಗೆ ಹಂಚಿ, ಹಂಚಿದ್ದಕ್ಕೆ ಲೆಕ್ಕವಿಡುವ ಸಾಧನ.

ನಮ್ಮ ಭಾಷೆಯಲ್ಲಿಯೂ ಈ ಕೆಲಸ ನಡೆದಿದೆಯೆಂಬುದು ಸಂತೋಷದ ವಿಷಯ. ಕನ್ನಡ ವಿಕಿಪೀಡಿಯವು ೨೦೦೩ರಲ್ಲಿ ಆರಂಭವಾಯಿತು. ಅದರ ಲೇಖನಗಳು ಇಂದು ಮೂವತ್ತು ಸಾವಿರವನ್ನು ದಾಟಿವೆ. ವಿದ್ವಾಂಸರ ದೊಡ್ಡ ಸಮೂಹವೊಂದು ಹಲವು ದಶಕ ದುಡಿದು ೧೪ ಸಂಪುಟಗಳಲ್ಲಿ ಹೊರತಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ವಿಶ್ವವಿದ್ಯಾನಿಲಯವು ೨೦೧೪ರಲ್ಲಿ ಎಲ್ಲರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ಪಂಡಿತರ ಕಾಲದ ಕೋಶವು ಸಾರ್ವಜನಿಕರ ಕೋಶದೊಡನೆ ಕೈಜೋಡಿಸಿದ್ದು ನಮ್ಮ ವಿದ್ಯಾಚರಿತ್ರೆಯಲ್ಲಿ ನೆನೆಯತಕ್ಕ ಸಂಗತಿ. ಕನ್ನಡ ಲಿಪಿಯಲ್ಲಿಯೇ ಬರೆಯುವ ತುಳು ವಿಕಿಪೀಡಿಯವೂ ೨೦೧೬ರಲ್ಲಿ ಕಣ್ಣು ತೆರೆಯಿತು. ಇನ್ನು ಉಪಾಧ್ಯಾಯರ ಪಾಲಿಗೆ, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ೨೦೧೩ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿಯನ್ನು ರೂಪಿಸಿದವು. ಪ್ರೌಢಶಾಲೆಯ ಪಾಠಗಳಿಗೆ ಬೇಕಾದ ಸಾಮಗ್ರಿಯನ್ನು ಆ ಪಾಠ ಹೇಳುವವರೇ ಸೇರಿ ಬರೆಯಬೇಕೆಂಬುದು ಅದರ ಆಶಯ.

ಆದರೆ ಸಾಧನ ಬಂದಮಾತ್ರಕ್ಕೆ ಅಭ್ಯಾಸ ಬರುವುದಿಲ್ಲ. ನಮ್ಮಲ್ಲಿ ಓದುವವರು ಬಹಳ, ತಿದ್ದುವವರು ಕಡಮೆ. ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಹಿರಿಯರು ಬರೆದದ್ದರಲ್ಲಿ ತಪ್ಪು ಕಂಡರೂ ಕಿರಿಯನು ಸುಮ್ಮನಿರುವುದು ವಿನಯವೆಂದು ನಾವು ಕಲಿಸಿದ್ದೇವೆ. ತನ್ನ ಬರಹವನ್ನು ಇನ್ನೊಬ್ಬ ಮುಟ್ಟಿದರೆ ಅದು ಅವಮಾನವೆಂದು ಎಣಿಸುವುದನ್ನೂ ಕಲಿಸಿದ್ದೇವೆ. ತರಗತಿಯಲ್ಲಿ ಕೆಂಪು ಶಾಯಿಯಿಂದ ನೂರು ಮಕ್ಕಳ ಬರಹವನ್ನು ತಿದ್ದುವ ನಾವು, ನಮ್ಮ ಟಿಪ್ಪಣಿಯನ್ನು ಪಕ್ಕದ ಊರಿನ ಉಪಾಧ್ಯಾಯನು ತಿದ್ದಬಹುದೆಂದರೆ ಹಿಂಜರಿಯುತ್ತೇವೆ. ಆದಕಾರಣ ವಿಕಿಯನ್ನು ಕಚೇರಿಗೋ ಶಾಲೆಗೋ ತರುವವರು ಮೊದಲು ಮಾಡಬೇಕಾದದ್ದು ಯಂತ್ರದ ವ್ಯವಸ್ಥೆಗಿಂತ ಹೆಚ್ಚಾಗಿ ಒಂದು ಒಪ್ಪಂದ: ತಿದ್ದುವುದು ನಿಂದೆಯಲ್ಲ, ತಿದ್ದಿಸಿಕೊಳ್ಳುವುದು ಸೋಲಲ್ಲ ಎಂಬ ಒಪ್ಪಂದ. ಅದನ್ನು ಹಿರಿಯರೇ ತಮ್ಮ ಬರಹದಿಂದ ಆರಂಭಿಸಿದರೆ ಕಿರಿಯರಿಗೆ ಧೈರ್ಯ ಬರುತ್ತದೆ.

ದೊಡ್ಡ ಕಾನೂನುಗಳನ್ನು ಬರೆಯುವ ಅವಕಾಶ ಎಲ್ಲರಿಗೂ ಸಿಗಲಾರದು. ನಮ್ಮ ಊರಿನ ಕೆರೆಯ ಹೆಸರು, ಅದರ ತೂಬು, ಅದನ್ನು ಕಟ್ಟಿಸಿದವರ ವಿಷಯ ಶಾಸನದಲ್ಲಿ ಇದ್ದರೆ ಆ ಮಾತು, ಶಾಲೆ ಆರಂಭವಾದ ವರ್ಷ, ಇವು ಎಲ್ಲಿಯೂ ಸರಿಯಾಗಿ ಬರೆದಿಟ್ಟಿಲ್ಲವಾದರೆ ಅದನ್ನು ಆಧಾರಸಹಿತವಾಗಿ ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬರೆದವನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ. ಇಬ್ಬರ ಹೆಸರೂ ಪುಟದ ಚರಿತ್ರೆಯಲ್ಲಿ ಉಳಿಯುತ್ತವೆ. ಹತ್ತು ಮನೆಗಳವರು ಹತ್ತು ಪುಟಗಳನ್ನು ಹೀಗೆ ನೋಡಿಕೊಂಡರೆ, ಮುಂದಿನ ತಲೆಮಾರಿನವರು ಊರಿನ ವಿಷಯವನ್ನು ಊಹೆಯಿಂದ ಹೇಳಬೇಕಾಗಿ ಬರುವುದಿಲ್ಲ.